ಸುಣ್ಣದ ಮಡಕೆಯಲ್ಲಿ ಪಂಚ್

ಆ ಬಾಟ್ಲಿಯ ಮೇಲೆ ಅಂಗಡಿಯ ಲೇಬಲ್ ಇರಲಿಲ್ಲ. ದೊರೆಸಾನಿಯ ತಾಯಿ ಒಂದು ಕಾಗದದ ತುಂಡಿನಲ್ಲಿ ಕೈಯಾರೆ ಎರಡು ಸಾಲು ಬರೆದು ಅಂಟಿಸಿದ್ದರು. ಅವರ ಊರಿನ ಬೇಲಿಗಳಲ್ಲಿ ಬೆಳೆಯುವ ಎಲ್ಡರ್ ಎಂಬ ಗಿಡದ ಬಿಳಿ ಹೂವನ್ನು ಸಾರಾಯಿಯಲ್ಲಿ ನೆನೆಹಾಕಿ, ಸಕ್ಕರೆ ಕೂಡಿಸಿ, ಸೋಸಿ ಮಾಡಿದ ಲಿಕರ್ ಅದು. ಯುದ್ಧಕ್ಕೆ ಮೊದಲು ಹಡಗಿನಲ್ಲಿ ಆರು ಬಾಟ್ಲಿ ಬಂದಿದ್ದವಂತೆ. ಯುದ್ಧದ ಮಧ್ಯೆ ತಾಯಿ ಅಲ್ಲೇ ತೀರಿಕೊಂಡರು. ನಾನು ಹೇಳುತ್ತಿರುವ ಬೇಸಗೆಯ ಹೊತ್ತಿಗೆ ಉಳಿದದ್ದು ಒಂದೇ ಒಂದು, ಅದೂ ದೊರೆಸಾನಿಯ ಕಪಾಟಿನಲ್ಲಿ, ಬೀಗದೊಳಗೆ.

ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಸೀತಾಂಗೋಳಿಯ ಪದವಿನ, ಎಂದರೆ ಮುರಕಲ್ಲಿನ ಬಯಲುಗುಡ್ಡದ ಮೇಲೆ, ಮರ ಮತ್ತು ಕಾಳುಮೆಣಸು ಕೊಳ್ಳುವ ಒಂದು ಕಂಪೆನಿಯ ಬಂಗಲೆಯಲ್ಲಿ ನಾನು ಬಟ್ಲರ್ ಆಗಿದ್ದೆ. ಕಂಪೆನಿ ಗಂಟುಮೂಟೆ ಕಟ್ಟುತ್ತಿತ್ತು. ಮಳೆ ಹಿಡಿಯುವ ಮೊದಲು ದೊರೆಗಳು ಹಡಗು ಹತ್ತುವವರಿದ್ದರು. ಹೋಗುವ ಮುಂಚೆ ಒಂದು ಭಾನುವಾರ ಮಧ್ಯಾಹ್ನ ಮೂವತ್ತು ಜನರನ್ನು ಕರೆದು ಊಟ ಹಾಕಿಸಿ, ಕೊನೆಯ ಬಾಟ್ಲಿಯನ್ನು ಪಂಚ್ ಮಾಡಿ ಎಲ್ಲರಿಗೂ ಹಂಚಬೇಕು ಎಂದು ದೊರೆಸಾನಿ ನಿಶ್ಚಯಿಸಿದರು. ಪಂಚ್ ಬೆರೆಸುವ ಕೆಲಸ ನನ್ನದು.

ನನಗೆ ಆ ಪಂಚ್‌ನಿಂದ ಬೇಕಾಗಿದ್ದದ್ದು ಒಂದು ಚೀಟಿ. ದೊರೆಗಳು ಹೋಗುವಾಗ ಕೆಲಸದವನ ಗುಣ ಬರೆದು ಕೊಡುವ ಕಾಗದಕ್ಕೆ ಆಗ ಚೀಟಿ ಎಂದೇ ಹೆಸರು. ಒಳ್ಳೆಯ ಚೀಟಿ ಇದ್ದರೆ ಮಂಗಳೂರಿನ ಹೋಟೆಲಿನಲ್ಲೋ ಬೊಂಬಾಯಿಯ ಹಡಗಿನಲ್ಲೋ ಕೆಲಸ. ಇಲ್ಲವಾದರೆ ಏಳು ವರ್ಷ ಬೆನ್ನು ಬಗ್ಗಿಸಿದ್ದು ಹೊಳೆಯಲ್ಲಿ ಹೋಮ ಮಾಡಿದ ಹಾಗೆ. ಮನೆಯ ಕಡೆಯೂ ಗಟ್ಟಿ ಇರಲಿಲ್ಲ. ಬಾಯಾರಿನ ಹತ್ತಿರ ನಮ್ಮಪ್ಪ ತೆಂಗಿನ ಮರ ಹತ್ತಿ ಕಳ್ಳು ಇಳಿಸುವ ಮೂರ್ತೆ ಕೆಲಸದವರು. ಮಳೆಗಾಲ ಕಳೆದೊಡನೆ ನಮ್ಮ ಜಿಲ್ಲೆಗೂ ಪಾನನಿಷೇಧ ಬರುತ್ತದೆ ಎಂದು ಸುದ್ದಿ ಹಬ್ಬಿತ್ತು. ಅಪ್ಪನ ಮರ ನಿಂತರೆ ಮನೆ ನಡೆಯಬೇಕಾದದ್ದು ನನ್ನ ಚೀಟಿಯಿಂದ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಬಂಗಲೆಗೆ ಸೇರುವಾಗ ಅಪ್ಪನ ಕೆಲಸ ಎಂತ ಎಂದು ಕೇಳಿದ್ದರು. ಗದ್ದೆ ಬೇಸಾಯ ಎಂದೆ. ನನಗಿಂತ ಹಿಂದೆ ಇದ್ದ ಬಟ್ಲರ್ ಹೇಳಿಕೊಟ್ಟ ಉತ್ತರ ಅದು. ಕಳ್ಳಿನವನ ಮಗ ಎಂದರೆ ಬಾಟ್ಲಿಯ ಹತ್ತಿರ ಬಿಡುವುದಿಲ್ಲ ಎಂದು ಅವರ ಲೆಕ್ಕ. ನಾನು ಕುಡಿಯುವವನಲ್ಲ. ಬೆರೆಸುವಾಗ ನಾಲಗೆಯ ತುದಿಗೆ ಒಂದು ಹನಿ ಮುಟ್ಟಿಸಿ, ಬಾಯಿ ಮುಕ್ಕಳಿಸಿ ಉಗಿಯುವುದು ನನ್ನ ರೂಢಿ. ಮನೆಯಲ್ಲೂ ಅಪ್ಪ ದೈವಕ್ಕೆ ಇಟ್ಟ ಮೇಲೆ ಒಂದು ಗುಟುಕು ಕುಡಿಯುತ್ತಿದ್ದರು, ಅಷ್ಟೆ.

ದೊರೆಸಾನಿಯ ಪುಸ್ತಕದ ಕ್ರಮ ನನಗೆ ಬಾಯಿಪಾಠವಾಗಿತ್ತು. ಹುಳಿ ಒಂದು ಪಾಲು, ಸಿಹಿ ಎರಡು, ಮದ್ಯ ಮೂರು, ನೀರೋ ಚಹಾವೋ ನಾಲ್ಕು. ಆದರೆ ಪುಸ್ತಕ ಬರೆದವರ ಲಿಂಬೆ ಬೇರೆ, ನಮ್ಮದು ಬೇರೆ. ನಮ್ಮ ಊರಿನ ಲಿಂಬೆ ಗಾತ್ರದಲ್ಲಿ ಗೋಲಿಯಷ್ಟಿದ್ದರೂ ಹಲ್ಲು ಜುಮ್ಮೆನ್ನಿಸುತ್ತದೆ. ಹಾಗಾಗಿ ಹುಳಿಯನ್ನು ಮುಕ್ಕಾಲು ಪಾಲಿಗೆ ಇಳಿಸಿದ್ದೆ. ಮೊದಲು ಲಿಂಬೆಯ ಹಸಿರು ಸಿಪ್ಪೆಯನ್ನು ಮಾತ್ರ, ಒಳಗಿನ ಬಿಳಿ ತಾಗದಂತೆ, ತೆಳ್ಳಗೆ ಹೆರೆದು ಸಕ್ಕರೆಗೆ ಹಾಕಿ ಕೈಯಿಂದ ತಿಕ್ಕಬೇಕು. ಸಿಪ್ಪೆಯ ಎಣ್ಣೆ ಬಿಟ್ಟು ಸಕ್ಕರೆ ಒದ್ದೆ ಮರಳಿನ ಹಾಗೆ ಆಗುತ್ತದೆ. ಅದಕ್ಕೆ ಬಿಸಿ ಚಹಾ ಸುರಿದು ಕರಗಿಸಿ, ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ರಸ ಸೇರಿಸಬೇಕು. ಇದು ಹಿಂದಿನ ಸಂಜೆಯೇ ಆಗಿ ತಂಪಿನಲ್ಲಿ ಕೂರಬೇಕು. ಮರುದಿನ ಜಿನ್ನು, ಐಸು, ಸೋಡ. ಹೂವಿನ ಲಿಕರ್ ಎಲ್ಲಕ್ಕಿಂತ ಕೊನೆಗೆ, ಬಡಿಸುವ ಗಳಿಗೆಯಲ್ಲಿ. ಅದರ ಪರಿಮಳಕ್ಕೆ ಆಯುಷ್ಯ ಕಡಿಮೆ.

ಶನಿವಾರ ಸಂಜೆ ದೊರೆಸಾನಿ ಕಪಾಟು ತೆಗೆದು ಬಾಟ್ಲಿಯನ್ನು ತಾವೇ ತಂದರು. ಬಿರಡೆ ಕಿತ್ತು, ಒಂದು ಹನಿ ಬಿಡದೆ ಗಾಜಿನ ಜಗ್ಗಿಗೆ ಬಗ್ಗಿಸಿದರು. ನಾಳೆ ಬೆಳಿಗ್ಗೆಯಿಂದ ತಾನು ಅತಿಥಿಗಳ ಜತೆ ಇರುತ್ತೇನೆ, ನೀನೇ ನೋಡಿಕೊಂಡು ಕೊನೆಗೆ ಹಾಕು ಎಂದರು. ಖಾಲಿ ಬಾಟ್ಲಿಯನ್ನು ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಅದನ್ನೂ ಒಳಗೆ ತೆಗೆದುಕೊಂಡು ಹೋದರು. ಏಳು ವರ್ಷದಲ್ಲಿ ಬೀಗದ ವಸ್ತುವನ್ನು ಅವರು ನನ್ನ ಕೈಗೆ ಒಪ್ಪಿಸಿ ಹೋದದ್ದು ಅದೇ ಮೊದಲು. ನನಗೆ ಎದೆಯುಬ್ಬಿ ಬಂತು, ಸುಳ್ಳು ಯಾಕೆ ಹೇಳಲಿ.

ಪದವಿನ ಮೇಲೆ ಏಪ್ರಿಲ್ ತಿಂಗಳ ಸೆಕೆ ಎಂದರೆ ಕಲ್ಲು ಕಾಯುವ ಸೆಕೆ. ಐಸು ಮಂಗಳೂರಿನಿಂದ ಮರದ ಹುಡಿಯಲ್ಲಿ ಮುಚ್ಚಿಕೊಂಡು ಬೆಳಗಿನ ರೈಲಿನಲ್ಲಿ ಕುಂಬಳೆಗೆ ಬರಬೇಕು. ಅಲ್ಲಿಯವರೆಗೆ ಚಹಾವನ್ನು ತಂಪಾಗಿಡಲು ದೊಡ್ಡ ಹೊಸ ಮಡಕೆಯೊಂದನ್ನು ತರಿಸಿ, ಅದನ್ನು ಕುತ್ತಿಗೆಯವರೆಗೆ ಹೂಳಲು ಬಾವಿಕಟ್ಟೆಯ ಹಿಂದೆ ಒದ್ದೆ ಹೊಯ್ಗೆಯಲ್ಲಿ, ಎಂದರೆ ಮರಳಿನಲ್ಲಿ, ಗುಂಡಿ ಮಾಡಿದ್ದೆ. ಅಷ್ಟು ಸಕ್ಕರೆ, ಅಷ್ಟು ಸೆಕೆ. ಬೆಳಿಗ್ಗೆಗೆ ಹುಳಿತು ನೊರೆ ಬಂದರೆ ಎಂತ ಗತಿ ಎಂದು ಯೋಚನೆ ಹತ್ತಿತು. ನಮ್ಮ ಮನೆಯಲ್ಲಿ ಇದಕ್ಕೆ ಉತ್ತರ ನಾನು ತೊಟ್ಟಿಲಲ್ಲಿದ್ದಾಗಿನಿಂದ ಉಂಟು. ಕಳ್ಳು ಹುಳಿಯದೆ ಸಿಹಿಯಾಗಿ ಉಳಿಯಬೇಕಾದರೆ ಮರಕ್ಕೆ ಕಟ್ಟುವ ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಾರೆ. ನಾನೂ ಬಳಿದೆ. ಸಣ್ಣ ಬಟ್ಟೆಯಲ್ಲಿ ನೀರುಸುಣ್ಣ ಅದ್ದಿ, ಅಪ್ಪ ಮಾಡುವ ಹಾಗೆಯೇ ಅಡಿಯಿಂದ ಸುತ್ತಿ ಸುತ್ತಿ ಮೇಲಕ್ಕೆ ತಂದು, ಒಣಗಿಸಿ, ಗುಂಡಿಯಲ್ಲಿ ಹೂಳಿ, ಲಿಂಬೆರಸ ಸೇರಿಸಿದ ಚಹಾ ಸುರಿದೆ. ಪುಸ್ತಕ ಬರೆದವರಿಗೆ ಗೊತ್ತಿಲ್ಲದ ಒಂದು ವಿದ್ಯೆ ನನಗೆ ಗೊತ್ತುಂಟು ಎಂಬ ಹಮ್ಮು ಬೇರೆ.

ಉಳಿದದ್ದು ಜಗ್ಗು. ತೆರೆದ ಬಾಯಿಯ ಜಗ್ಗಿಗೆ ಆಗಲೇ ಇರುವೆ ಸಾಲು ಹಿಡಿದಿತ್ತು. ಬಂಗಲೆಯಲ್ಲಿ ಸಾಮಾನು ಕಟ್ಟಲು ಬಂದ ಆಳುಗಳು ಬೇರೆ ತಿರುಗಾಡುತ್ತಿದ್ದರು. ಹೊರಗಿಟ್ಟರೆ ಯಾರ ಬಾಯಿಗೆ ಹೋದೀತೋ ಎಂದು ಹೆದರಿ ಅದನ್ನೂ ಮಡಕೆಗೇ ಸುರಿದು, ಬಾಯಿಗೆ ಬಟ್ಟೆ ಕಟ್ಟಿದೆ. ಕೊನೆಗೆ ಹಾಕು ಎಂದಿದ್ದರು. ಹೇಗೂ ನಾಳೆ ಬೆರೆಯುವುದೇ ತಾನೆ ಎಂದುಕೊಂಡೆ.

ಬೆಳಿಗ್ಗೆ ಬಟ್ಟೆ ಬಿಚ್ಚಿ ನೋಡಿದವನು ಹಾಗೇ ಕುಕ್ಕರಿಸಿದೆ. ಜೇನಿನ ಬಣ್ಣದ ಚಹಾ ಕಷಾಯದ ಹಾಗೆ ಕಪ್ಪಗಾಗಿತ್ತು. ಸೌಟಿನಲ್ಲಿ ಎತ್ತಿದರೆ ಅಡಿಯಿಂದ ಬಿಳಿ ಗಸಿ ಎದ್ದಿತು. ನಾಲಗೆಗೆ ಮುಟ್ಟಿಸಿದೆ. ಹುಳಿಯ ಸುಳಿವೇ ಇಲ್ಲ. ಬಟ್ಟೆ ಒಗೆದ ನೀರಿನ ಜಿಗಟು ರುಚಿ. ಸುಣ್ಣ ಲಿಂಬೆಯ ಹುಳಿಯನ್ನು ತಿಂದುಹಾಕಿತ್ತು, ಚಹಾವನ್ನು ಕಪ್ಪು ಮಾಡಿತ್ತು, ಹೂವಿನ ಪರಿಮಳವನ್ನು ಸಾಯಿಸಿತ್ತು. ಕಳ್ಳನ್ನು ಕಾಯುವ ಸುಣ್ಣ ಲಿಂಬೆಗೆ ಶತ್ರು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರುವ ಅಗತ್ಯ ಬಿದ್ದಿರಲಿಲ್ಲ. ನಾವು ಯಾವ ಕಾಲದಲ್ಲಿ ಕಳ್ಳಿಗೆ ಲಿಂಬೆ ಹಿಂಡಿದ್ದೇವೆ?

ಕುಸಿನಿಯಲ್ಲಿ ಅಡುಗೆ ಮಾಡುತ್ತಿದ್ದವರು ಮಂಗಳೂರು ಕಡೆಯ ಕ್ರೈಸ್ತರು, ಅರುವತ್ತು ದಾಟಿದವರು. ಎಲ್ಲರೂ ಅವರನ್ನು ಪೊರ್ಬು ಎನ್ನುತ್ತಿದ್ದರು. ಅವರನ್ನು ಕರೆದು ತೋರಿಸಿದೆ. ಬೆರಳು ಅದ್ದಿ ನೆಕ್ಕಿ, ಮುಖ ಕಿವುಚಿ, ಮಡಕೆಯ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿದರು. ಅವರಿಗೆ ಅರ್ಥವಾಗಿತ್ತು.

"ಹೋಗಿ ಹೇಳು ಮಾರಾಯ," ಎಂದರು. "ಬೈತಾರೆ. ಒಂದು ಗಳಿಗೆ ಅಳ್ತಾರೆ. ಮತ್ತೆ ಮುಗೀತದೆ."

"ಹೇಗೆ ಹೇಳುದು ಪೊರ್ಬುಗಳೇ? ಸುಣ್ಣ ಯಾಕೆ ಹಾಕಿದೆ ಅಂತ ಕೇಳಿದ್ರೆ?"

"ನಮ್ಮಲ್ಲಿ ಹಾಗೆ ಮಾಡ್ತಾರೆ ಅಂತ ಹೇಳು."

ಅದೇ ನನ್ನಿಂದ ಆಗದ ಮಾತು. ಸುಣ್ಣ ಎಂದು ಬಾಯಿಬಿಟ್ಟರೆ ಮಡಕೆ ಬರುತ್ತದೆ, ಮಡಕೆಯ ಹಿಂದೆ ಮರ ಬರುತ್ತದೆ, ಮರದ ಮೇಲೆ ಅಪ್ಪ ಕಾಣುತ್ತಾರೆ. ಗದ್ದೆ ಬೇಸಾಯ ಎಂದು ಏಳು ವರ್ಷ ಹಿಂದೆ ಹೇಳಿದ ಸುಳ್ಳು ಹೊರಬೀಳುತ್ತದೆ. ಚೀಟಿ ಕೈತಪ್ಪುತ್ತದೆ. ಹೀಗೆಲ್ಲ ಲೆಕ್ಕ ಹಾಕಿದೆ. ನಿಜ ಹೇಳಬೇಕೆಂದರೆ ಚೀಟಿಯ ಭಯಕ್ಕಿಂತ ನಾಚಿಕೆಯೇ ಹೆಚ್ಚಿತ್ತು. ಮೂವತ್ತು ಜನರಿಗೆ ಬಿಳಿ ಕೋಟು ಹಾಕಿಕೊಂಡು ಬಡಿಸಬೇಕಾದವನು ಕಳ್ಳಿನ ಮಡಕೆಯವನಾಗಿ ನಿಲ್ಲಲು ನನಗೆ ಮನಸ್ಸಿರಲಿಲ್ಲ. ಮಡಕೆಯನ್ನು ಬಾಳೆಯ ಬುಡಕ್ಕೆ ಮಗುಚಿದೆ. ಒಂದು ತಾಯಿಯ ಕೈಯ ಹೂವಿನ ರಸ ಹೊಯ್ಗೆಯಲ್ಲಿ ಇಂಗಿತು.

ಅತಿಥಿಗಳು ಬರಲು ಇನ್ನು ಮೂರು ಗಂಟೆ ಇತ್ತು. ಮತ್ತೆ ಚಹಾ ಕಾಯಿಸಿ, ಮತ್ತೆ ಸಿಪ್ಪೆ ತಿಕ್ಕಿ, ಪಿಂಗಾಣಿಯ ಪಾತ್ರೆಗಳಲ್ಲಿ ಹರಡಿ ಆರಿಸಿದೆ. ಅಷ್ಟರಲ್ಲಿ ಕುಂಬಳೆಯಿಂದ ಐಸಿನ ಗೋಣಿ ಬಂತು. ಹುಳಿ, ಸಿಹಿ, ಜಿನ್ನು ಸರಿಯಾಯಿತು. ಹೂವು ಎಲ್ಲಿಂದ ತರುವುದು? ಆ ಪರಿಮಳವನ್ನು ನಾನು ಏಳು ವರ್ಷ ಮೂಸಿದ್ದೆ. ಮೊದಲು ಒಣದ್ರಾಕ್ಷಿಯ ಡಬ್ಬ ತೆರೆದ ಹಾಗೆ, ಒಳಗೆ ತುಸು ಜೇನು, ಕೊನೆಗೆ ಪನ್ನೀರಿನ ಒಂದು ಎಳೆ. ಕೇದಗೆ ಹಾಕಿದರೆ ಮದುವೆಮನೆಯ ಗದ್ದಲ. ಸಂಪಿಗೆ ಹಾಕಿದರೆ ದೇವಸ್ಥಾನ. ಬಾವಿಯ ಪಕ್ಕ ಪನ್ನೇರಳೆ ಮರ ಇತ್ತು, ಹಣ್ಣು ಆಗಷ್ಟೇ ಹಳದಿಗೆ ತಿರುಗುತ್ತಿತ್ತು. ಕಚ್ಚಿದರೆ ಪನ್ನೀರು ಬಾಯಿಗೆ ಸುರಿದ ಹಾಗಿರುವ ಹಣ್ಣು. ಇಪ್ಪತ್ತು ಕಿತ್ತು, ಬೀಜ ತೆಗೆದು, ಜಜ್ಜಿ, ಎರಡು ಹಿಡಿ ದ್ರಾಕ್ಷಿಯ ಜತೆ ಜಿನ್ನಿನಲ್ಲಿ ಮುಳುಗಿಸಿ, ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ಇಟ್ಟೆ. ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಎರಡು ಚಮಚ ಜೇನು ಕರಗಿಸಿದೆ. ಮೂಸಿ ನೋಡಿದೆ. ಪೂರ್ತಿ ಅದಲ್ಲ. ಆದರೆ ಅದರ ಅಕ್ಕನ ಮಗಳು ಎನ್ನಬಹುದಿತ್ತು.

ಪೊರ್ಬುಗಳು ರುಚಿ ನೋಡಿ ತಲೆದೂಗಿದರು. "ಕೈ ಒಳ್ಳೆದುಂಟು ನಿಂದು," ಎಂದರು. "ಬುದ್ಧಿ ಇಲ್ಲ."

ಪಂಚ್ ಗೆದ್ದಿತು. ಮಂಗಳೂರಿನಿಂದ ಬಂದ ದೊರೆಗಳು ಎರಡೆರಡು ಸಲ ಲೋಟ ಚಾಚಿದರು. ಒಬ್ಬರು ನನ್ನ ಬೆನ್ನು ತಟ್ಟಿ, ಇಂಥದ್ದು ಇಂಡಿಯಾದಲ್ಲಿ ಕುಡಿದೇ ಇಲ್ಲ ಎಂದರು. ನನಗೆ ಬೇಕಾದದ್ದು ಒಬ್ಬರ ನಾಲಗೆ. ದೊರೆಸಾನಿ ಲೋಟವನ್ನು ಮೊದಲು ಮೂಗಿನ ಹತ್ತಿರ ಹಿಡಿದರು. ಒಂದು ಗುಟುಕು ಕುಡಿದರು. ಇನ್ನೊಂದು. ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಅವರಿಗೆ ನಮ್ಮ ಭಾಷೆ ಅಷ್ಟಿಷ್ಟು ಬರುತ್ತಿತ್ತು.

"ಎಲ್ಲ ಹಾಕಿದ್ದೀಯಾ?"

"ಎಲ್ಲ ಹಾಕಿದ್ದೇನೆ ಅಮ್ಮ."

ಆ ಮಾತು ಅಕ್ಷರಶಃ ನಿಜ. ಎಲ್ಲವನ್ನೂ ಹಾಕಿದ್ದೆ, ಮಡಕೆಗೆ. ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. ಈಗ ಯೋಚಿಸಿದರೆ, ಅಷ್ಟು ಹೊತ್ತು ಅವರು ನನಗಾಗಿ ಬಾಗಿಲು ತೆರೆದಿಟ್ಟಿದ್ದರು ಎನಿಸುತ್ತದೆ. ನಾನು ಖಾಲಿ ಲೋಟಗಳನ್ನು ತಟ್ಟೆಗೆ ಎತ್ತಿಕೊಳ್ಳತೊಡಗಿದೆ. ಅವರು ನಕ್ಕರು, ತುಂಬ ಚೆನ್ನಾಗಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಕಡೆ ಮತ್ತೆ ತಿರುಗಲಿಲ್ಲ.

ಹೊರಡುವ ದಿನ ದೊರೆಸಾನಿ ಲಕೋಟೆಯಲ್ಲಿ ಚೀಟಿ ಹಾಕಿ ಕೊಟ್ಟರು. ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡೆ. ನನಗೆ ಇಂಗ್ಲಿಷ್ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಪೊರ್ಬುಗಳಿಗೂ ಅಷ್ಟೇ. ಮಂಗಳೂರಿನಲ್ಲಿ ಒಂದು ಹೋಟೆಲಿನ ಮೆನೇಜರ್ ಓದಿ, ನನ್ನ ಕಣ್ಣಿನ ಕೆಳಗೆ ಏನೋ ಹುಡುಕಿದ ಹಾಗೆ ನೋಡಿ, ಕೆಲಸ ಖಾಲಿ ಇಲ್ಲ ಎಂದರು. ಖಾಲಿ ಇದ್ದದ್ದು ನನಗೆ ಗೊತ್ತಿತ್ತು. ಹಡಗಿಗೆ ಜನ ಕಳಿಸುವ ಆಫೀಸಿನಲ್ಲಿ ಗುಮಾಸ್ತ ಓದಿ, ಪಕ್ಕದವನಿಗೆ ತೋರಿಸಿ, ಇಬ್ಬರೂ ಮೀಸೆಯಡಿಯಲ್ಲಿ ನಕ್ಕರು. ಹೀಗೆ ನಾಲ್ಕು ಕಡೆ ಆಯಿತು. ಊರಿಗೆ ಮರಳುವಾಗ ಕುಂಜತ್ತೂರಿನಲ್ಲಿ ಇಳಿದು, ಪರಿಚಯದ ಶಾಲಾ ಮಾಸ್ತರರ ಮನೆಗೆ ಹೋಗಿ ಓದಿಸಿದೆ.

ಮಾಸ್ತರರು ಒಮ್ಮೆ ಓದಿ ಮಡಚಿದರು. ನಾನು ಬಿಡಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದರು. ಈತ ಪಂಚ್ ಬೆರೆಸುವುದರಲ್ಲಿ ಬಹಳ ಜಾಣ. ಶುಚಿಯಾಗಿರುತ್ತಾನೆ. ಆದರೆ ಇವನ ಹತ್ತಿರ ಮದ್ಯ ಬಿಟ್ಟುಹೋಗಬೇಡಿ. ನನ್ನ ತಾಯಿಯ ಕೊನೆಯ ಬಾಟ್ಲಿಯನ್ನು ಕುಡಿದು, ಕಣ್ಣಲ್ಲಿ ಕಣ್ಣಿಟ್ಟು ಎಲ್ಲ ಹಾಕಿದ್ದೇನೆ ಎಂದ.

ಆ ಹೆಂಗಸಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂವತ್ತು ಜನರ ಮುಂದೆ ನಕ್ಕು, ಕಾಗದದಲ್ಲಿ ಕುತ್ತಿಗೆ ಕೊಯ್ದಳು ಎಂದು ರೈಲು ದಾರಿಯುದ್ದಕ್ಕೂ ಬೈದುಕೊಂಡು ನಡೆದೆ. ಕೇಳಬಾರದಿತ್ತೇ ಎಂದರೆ ಕೇಳಿದ್ದರು. ಆ ನೆನಪು ಬಂದಾಗ ಬೈಗುಳ ಬಿಟ್ಟು ಹೆಜ್ಜೆ ಜೋರು ಮಾಡುತ್ತಿದ್ದೆ.

ಮನೆಗೆ ಬಂದಾಗ ಅಪ್ಪ ಚೀಟಿಯಲ್ಲಿ ಎಂತ ಉಂಟು ಎಂದು ಕೇಳಿದರು. ಒಳ್ಳೆಯವ, ಪ್ರಾಮಾಣಿಕ ಎಂದು ಬರೆದಿದ್ದಾರೆ, ಕೆಲಸ ಮಾತ್ರ ಈಗ ಎಲ್ಲೂ ಇಲ್ಲ ಎಂದೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಮರ ಹತ್ತುವ ಕತ್ತಿಯನ್ನು ಇಡುವ ಪೆಟ್ಟಿಗೆಯಲ್ಲಿ ಇಟ್ಟರು. ನಾನು ಅದನ್ನು ಕದ್ದು ಸುಟ್ಟುಹಾಕಬಹುದಿತ್ತು. ಅಪ್ಪ ಕೇಳಿದರೆ ಮತ್ತೊಂದು ಸುಳ್ಳು ಹೇಳಬೇಕಾಗುತ್ತಿತ್ತು. ಬಿಟ್ಟುಬಿಟ್ಟೆ.

ಮಳೆ ಕಳೆದು ಪಾನನಿಷೇಧ ಬಂತು. ಕಳ್ಳು ಇಳಿಸುವ ಹಾಗಿಲ್ಲ. ಸುಣ್ಣ ಬಳಿದ ಮಡಕೆಯಲ್ಲಿ ಸಿಹಿ ರಸ ಇಳಿಸಿ ಬೆಲ್ಲ ಕಾಯಿಸಲು ಮಾತ್ರ ಪರವಾನಗಿ ಕೊಡುತ್ತಿದ್ದರು. ಅಪ್ಪ ಹತ್ತು ಮರಕ್ಕೆ ಪರವಾನಗಿ ಮಾಡಿಸಿಕೊಂಡರು. ನಾನು ಒಲೆಯ ಮುಂದೆ ಕುಳಿತು ಬೆಲ್ಲ ತಿರುವಿದೆ. ಬಿಳಿ ಕೋಟಿನ ಕೈಗೆ ಸೌಟು ಅಭ್ಯಾಸ ಇತ್ತಲ್ಲ, ಬೆಲ್ಲ ಚೆನ್ನಾಗಿಯೇ ಬರುತ್ತಿತ್ತು. ಹೇಗೋ ಗಂಜಿಗೆ ಸಾಕಾಗುತ್ತಿತ್ತು.

ಒಂದು ಬೆಳಿಗ್ಗೆ ಅಬಕಾರಿ ಇನ್‌ಸ್ಪೆಕ್ಟರರು ಇಬ್ಬರು ಪೇದೆಗಳೊಂದಿಗೆ ಅಂಗಳಕ್ಕೆ ಬಂದರು. ಆಗಷ್ಟೇ ಇಳಿಸಿದ ಮಡಕೆಗಳನ್ನು ಒಂದೊಂದಾಗಿ ಬಗ್ಗಿ ಮೂಸಿದರು. ಒಂಬತ್ತು ಸರಿ ಇದ್ದವು. ಹತ್ತನೆಯದರಲ್ಲಿ ನೊರೆ ಎದ್ದಿತ್ತು. ಹಿಂದಿನ ದಿನ ಸುಣ್ಣ ಮುಗಿದು, ಅಪ್ಪ ಅದಕ್ಕೆ ತೆಳ್ಳಗೆ ಬಳಿದಿದ್ದರು. ಹಾಗೆಂದು ಹೇಳಿಯೂ ಹೇಳಿದರು. ಇನ್‌ಸ್ಪೆಕ್ಟರರು ಕೆಟ್ಟವರಲ್ಲ. ಉಳಿದ ಒಂಬತ್ತನ್ನು ನೋಡಿ ಯೋಚಿಸುತ್ತ ನಿಂತರು. ಇನ್ನೊಮ್ಮೆ ಹೀಗಾಗಬಾರದು ಎಂದು ಎಚ್ಚರಿಸಿ ಬಿಡುವವರಿದ್ದರೋ ಏನೋ. ಅಷ್ಟರಲ್ಲಿ ಅಪ್ಪನಿಗೆ ಪೆಟ್ಟಿಗೆಯ ನೆನಪಾಯಿತು.

"ನಮ್ಮದು ಮರ್ಯಾದೆಯ ಮನೆ ಸ್ವಾಮಿ. ಇವ ದೊರೆಗಳ ಹತ್ರ ಇದ್ದವ. ಅವರೇ ಬರೆದು ಕೊಟ್ಟದ್ದುಂಟು," ಎನ್ನುತ್ತ ಒಳಗೆ ನಡೆದರು.

ಬೇಡ ಎಂದು ತಡೆಯಬಹುದಿತ್ತು. ಯಾಕೆ ಬೇಡ ಎಂದು ಅಪ್ಪ ಕೇಳಿದರೆ ಎಂತ ಹೇಳುವುದು? ಅಪ್ಪ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟರು. ಇನ್‌ಸ್ಪೆಕ್ಟರರು ಓದಿದರು. ನನ್ನನ್ನು ನೋಡಿದರು, ನೊರೆಯ ಮಡಕೆಯನ್ನು ನೋಡಿದರು, ಕೊನೆಗೆ ಅಪ್ಪನ ಮುಖ ನೋಡಿದರು.

"ಇದರಲ್ಲಿ ಎಂತ ಬರೆದಿದ್ದಾರೆ ಅಂತ ನಿಮಗೆ ಗೊತ್ತುಂಟಾ?"

"ಒಳ್ಳೆಯವ ಅಂತ ಬರೆದಿದ್ದಾರೆ ಸ್ವಾಮಿ."

ಅವರು ಕನ್ನಡದಲ್ಲಿ ಓದಿ ಹೇಳಿದರು, ಮೊದಲಿಂದ ಕೊನೆಯವರೆಗೆ, ಪೇದೆಗಳ ಮುಂದೆ. ಮನೆಯಲ್ಲಿ ಕುಡಿಯುವವನೂ ಇದ್ದಾನೆ, ಹುಳಿತ ಮಡಕೆಯೂ ಉಂಟು, ಇನ್ನು ನಾನು ಎಂತ ಬರೆದುಕೊಳ್ಳಲಿ ಎಂದರು. ಪರವಾನಗಿ ರದ್ದಾಯಿತು. ಹತ್ತು ಮಡಕೆಗಳನ್ನೂ ಪೇದೆಗಳು ಅಂಗಳದಲ್ಲೇ ಒಡೆದರು. ಅಪ್ಪನ ಕತ್ತಿಯನ್ನು ಪಂಚನಾಮೆಯಲ್ಲಿ ಸೇರಿಸಿ ಕೊಂಡುಹೋದರು. ಚೀಟಿಯನ್ನು ಮಾತ್ರ ಅಪ್ಪನ ಕೈಗೆ ವಾಪಸು ಕೊಟ್ಟರು.

ಅವರು ಹೋದ ಮೇಲೆ ಅಪ್ಪ ಜಗಲಿಯಲ್ಲಿ ಕುಳಿತರು. ಚೀಟಿಯನ್ನು ಮಡಚಿ ಪಕ್ಕದಲ್ಲಿಟ್ಟು ಕೇಳಿದರು.

"ನೀನು ಕುಡಿದದ್ದಾ ಮಗಾ?"

"ಇಲ್ಲ ಅಪ್ಪ. ಹುಳಿಬಾರದು ಅಂತ ಮಡಕೆಗೆ ಸುಣ್ಣ ಬಳಿದೆ. ಲಿಂಬೆ ಹಾಕಿದ್ದು ಅದರಲ್ಲಿ ಹಾಳಾಯ್ತು. ಅವರಿಗೆ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

ಆ ಪ್ರಶ್ನೆಗೆ ಇದ್ದ ಉತ್ತರವನ್ನು ಯಾವ ಮಗನೂ ತಂದೆಯ ಮುಖ ನೋಡಿ ಹೇಳಲಾರ. ನಾನು ಒಡೆದ ಮಡಕೆಯ ಚೂರುಗಳನ್ನು ಹೆಕ್ಕತೊಡಗಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಅರ್ಥವಾಯಿತು ಎಂದು ನನಗೆ ಗೊತ್ತಾದದ್ದು ಆಮೇಲೆ. ಅವರು ಎದ್ದು ಬಾವಿಕಟ್ಟೆಗೆ ಹೋಗಿ, ಉಗುರಿನ ಸಂದಿಯಲ್ಲಿ ಉಳಿದಿದ್ದ ಸುಣ್ಣವನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದರು. ಅವರು ಹಾಗೆ ತೊಳೆದದ್ದನ್ನು ಅದಕ್ಕೆ ಮೊದಲು ನಾನು ಒಂದು ದಿನವೂ ಕಂಡಿರಲಿಲ್ಲ.